ಎಲೆ ಮುಗಿದರೆ ತಾಂಬೂಲ ಮುಗಿಯಿತು

ಕಳೆದ ಆಗಸ್ಟಿನ ಒಂದು ಶನಿವಾರ. ಪುಣೆಯಲ್ಲಿ ಬೆಳಗಿನಿಂದ ಬಿಡದ ಮಳೆ. ಅಕ್ಕನ ಮಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ನನ್ನ ಮುಖ ನೋಡದೆ ಹೇಳಿದ: "ಮಾಮಾ, ನಾ ಊರಿಗೆ ಹೋಗ್ತೀನಿ. ಅಲ್ಲೇ ಆರ್ಟ್ಸ್ ತಗೋತೀನಿ."

ಗದಗಿನ ಕಡೆಯ ಹಳ್ಳಿಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ. ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿದ್ದವು. 'ನಿನ್ನ ಹತ್ರ ಇದ್ರ ಓದ್ತಾನ' ಎಂದು ಅಕ್ಕ ಇಲ್ಲಿಗೆ ಕಳಿಸಿದ್ದಳು. ವಾಕಡ್‌ನ ನಮ್ಮ ಬಾಡಿಗೆ ಮನೆಯ ಹತ್ತಿರದ ಒಂದು ಜ್ಯೂನಿಯರ್ ಕಾಲೇಜಿಗೆ ಸೇರಿಸಿದೆ. ನಾನು ಎಂ.ಟೆಕ್. ಮಾಡಿದವನು, ಮನೆಯಲ್ಲಿ ಇಬ್ಬರು ಇಂಜಿನಿಯರುಗಳಿದ್ದೇವೆ, ಹುಡುಗನಿಗೆ ತೊಂದರೆಯಾಗಲಾರದು ಎಂಬ ಧೈರ್ಯ. ಆದರೆ ಜೂನಿನಿಂದ ಆಗಸ್ಟಿನವರೆಗೆ ನಾನು ಅವನ ಪುಸ್ತಕ ಒಮ್ಮೆಯೂ ತೆರೆದು ನೋಡಿರಲಿಲ್ಲ. ರಾತ್ರಿ ಒಂಬತ್ತರವರೆಗೆ ಕಾಲ್, ಆಮೇಲೆ ಊಟ, ನಿದ್ದೆ. ನೀವು ಇಂಥ ಊರುಗಳಲ್ಲೇ ಇರುವವರು, ಹೆಚ್ಚು ಹೇಳಬೇಕಿಲ್ಲ.

ಅವನ ಕೈಯಲ್ಲಿ ರಸಾಯನಶಾಸ್ತ್ರದ ಉತ್ತರ ಪತ್ರಿಕೆ ಇತ್ತು. 20ಕ್ಕೆ 4.

ಮೇಷ್ಟ್ರು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಮರಾಠಿಯಲ್ಲಿ ಪಾಠ ಮಾಡುತ್ತಾರಂತೆ. ಇವನಿಗೆ ಮೊದಲನೆಯದು ನಿಧಾನ, ಎರಡನೆಯದು ಇಲ್ಲವೇ ಇಲ್ಲ. 'ಪ್ರತಿವರ್ತಕ' ಎಂದರೆ ಗೊತ್ತು, 'ರಿಯಾಕ್ಟಂಟ್' ಎಂದರೆ ಅದೇ ಎಂದು ಗೊತ್ತಾಗಲು ಎರಡು ವಾರ ಹಿಡಿದಿತ್ತು. 'ಎಕ್ಸೆಸ್' ಎಂಬುದನ್ನು 'ಆಕ್ಸೆಸ್' ಎಂದು ಬರೆದುಕೊಂಡಿದ್ದ. ನನ್ನ ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಶಬ್ದ ಅದು, ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡೆ. 'ಸ್ಟಾಯ್ಕಿಯೋಮೆಟ್ರಿ' ಎಂಬ ಶಬ್ದವನ್ನಂತೂ ಟಿಪ್ಪಣಿಯಲ್ಲಿ ಮೂರು ಬಗೆಯಲ್ಲಿ ಬರೆದಿದ್ದ. ಅದು ಜೆರೆಮಿಯಾಸ್ ರಿಕ್ಟರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ 1792ರಲ್ಲಿ ಗ್ರೀಕ್ ಶಬ್ದಗಳನ್ನು ಕೂಡಿಸಿ ಮಾಡಿದ ಹೆಸರು. ಮೂಲವಸ್ತುಗಳ ಅಳತೆ ಎಂದಷ್ಟೇ ಅರ್ಥ. ಅಳತೆ ಎಂದಿದ್ದರೆ ಹುಡುಗ ಹೆದರುತ್ತಿರಲಿಲ್ಲ.

ಅಂಕ ಹೋದ ಪ್ರಶ್ನೆಯನ್ನು ನೋಡಿದೆ. 10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್ ಸೇರಿಸಿ ಉರಿಸಿದರೆ ಎಷ್ಟು ನೀರು ಬರುತ್ತದೆ, ಯಾವುದು ಲಿಮಿಟಿಂಗ್ ರಿಯೇಜೆಂಟ್? ಅವನ ಉತ್ತರ: 64ಕ್ಕಿಂತ 10 ಕಡಿಮೆ, ಆದ್ದರಿಂದ ಹೈಡ್ರೋಜನ್. ನೀರು 90 ಗ್ರಾಂ.

"ಒಳಗ ಹಾಕಿದ್ದು ಒಟ್ಟು ಎಷ್ಟೋ?"

"74 ಗ್ರಾಂ."

"ಹೊರಗ ಬಂದದ್ದು?"

ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದ. "90... ಹೆಂಗ ಬಂತು ಮಾಮಾ?"

ನಮ್ಮ ಕಂಪನಿಯಲ್ಲಿ ಹೀಗೆ ಲೆಕ್ಕ ಕೊಟ್ಟರೆ ಆಡಿಟ್ ನಡೆಯುತ್ತದೆ. ತಪ್ಪು ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೂ ತಪ್ಪು ಇದೆ ಎಂದು ಹೇಳುವ ಪರೀಕ್ಷೆ ಇದು. ರಾಸಾಯನಿಕ ಕ್ರಿಯೆಯಲ್ಲಿ ತೂಕ ಹುಟ್ಟುವುದಿಲ್ಲ, ಸಾಯುವುದಿಲ್ಲ. ಲೆವಾಸಿಯೇ ತಕ್ಕಡಿ ಹಿಡಿದು ತೋರಿಸಿದ ಈ ಮಾತು ಇವನಿಗೆ ಕನ್ನಡದಲ್ಲಿ ಬಾಯಿಪಾಠವಾಗಿತ್ತು. ಲೆಕ್ಕ ಮಾಡುವಾಗ ಬಳಸಬಹುದು ಎಂದು ಯಾರೂ ಹೇಳಿರಲಿಲ್ಲ.

ಆ ಮಧ್ಯಾಹ್ನ ಪುಸ್ತಕ ಮುಚ್ಚಿಟ್ಟು ಅವನ ಅವ್ವನ ಮದುವೆಯ ಕತೆ ಹೇಳಿದೆ. ಆಗ ನಾನು ಕಾಲೇಜಿನಲ್ಲಿದ್ದೆ, ಬಂದವರಿಗೆ ಕೊಡುವ ತಾಂಬೂಲದ ಚೀಲ ತುಂಬುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ಚೀಲಕ್ಕೆ ಎರಡು ಎಲೆ, ಒಂದು ಅಡಿಕೆ, ಒಂದು ತೆಂಗಿನಕಾಯಿ. ಅಂದಿನ ಖರೀದಿಯ ಲೆಕ್ಕ ಈಗ ನೆನಪಿಲ್ಲ, ಅದಕ್ಕೆ ಅಂಕಿಗಳನ್ನು ಕೈಯಿಂದಲೇ ಹಾಕಿಕೊಟ್ಟೆ: ಎಲೆ 3 ಕಟ್ಟು, ಕಟ್ಟಿಗೆ 100. ಅಡಿಕೆ 1 ಕಿಲೋ 600 ಗ್ರಾಂ. ಕಾಯಿ 180. ಎಷ್ಟು ಚೀಲ ಆಗುತ್ತವೆ?

"ಅಡಿಕಿ ಎಷ್ಟ ಅದಾವ ಗೊತ್ತಿಲ್ಲಲ್ಲ, ತೂಕ ಅಷ್ಟೇ ಹೇಳೀರಿ."

ಸರಿಯಾದ ತಕರಾರು. ಒಂದು ಅಡಿಕೆ 8 ಗ್ರಾಂ ಎಂದು ಹಿಡಿ ಎಂದೆ. 1600 ಭಾಗಿಸು 8, 200 ಅಡಿಕೆ. ಎಲೆ 300, ಅಡಿಕೆ 200, ಕಾಯಿ 180. ಎಲ್ಲಕ್ಕಿಂತ ಕಡಿಮೆ ಇರುವುದು ಕಾಯಿ. ಹಾಗಾದರೆ 180 ಚೀಲವೇ?

"ಅಲ್ಲ," ಎಂದ ತಕ್ಷಣ. "ಎಲಿ ಎರಡೆರಡು ಬೇಕಲ್ಲ. 150ಕ್ಕ ಎಲಿ ಖಾಲಿ."

ಎಣಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚಿದ್ದದ್ದು ಎಲೆ. ಮೊದಲು ಮುಗಿದದ್ದೂ ಎಲೆ. ಮೂವತ್ತು ಕಾಯಿ, ಐವತ್ತು ಅಡಿಕೆ ಉಳಿದವು. ಇಟ್ಟುಕೊಂಡು ಏನು ಮಾಡುವುದು, ಎಲೆ ಇಲ್ಲದೆ ತಾಂಬೂಲವಾಗುವುದಿಲ್ಲ. ಮೊದಲು ಮುಗಿದು ಕೆಲಸ ನಿಲ್ಲಿಸುವ ಆ ಎಲೆಯೇ ಲಿಮಿಟಿಂಗ್ ರಿಯೇಜೆಂಟ್. ಉಳಿದ ಕಾಯಿ, ಅಡಿಕೆ ಇವನು ಬರೆದುಕೊಂಡಿದ್ದ ಆ 'ಆಕ್ಸೆಸ್'.

ಇದರಲ್ಲಿ ಅಡಿಕೆಯ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮಕ್ಕಳು ಎಡವುವುದು ಅಲ್ಲೇ. ಅಂಗಡಿಯಲ್ಲಿ ಅಡಿಕೆ ತೂಕಕ್ಕೆ ಸಿಗುತ್ತದೆ, ಚೀಲಕ್ಕೆ ಹೋಗುವುದು ಎಣಿಕೆಯಲ್ಲಿ. ಪ್ರಯೋಗಶಾಲೆಯೂ ಹಾಗೆಯೇ. ತಕ್ಕಡಿ ಗ್ರಾಂ ಹೇಳುತ್ತದೆ, ಅಣುಗಳು ಕೂಡುವುದು ಎಣಿಕೆಯಲ್ಲಿ. ಒಂದೊಂದೇ ಅಣು ಎಣಿಸಲಾಗದು, ಅದಕ್ಕೆ ಡಜನ್ ಇದ್ದ ಹಾಗೆ ಒಂದು ದೊಡ್ಡ ಗುಂಪಿನ ಹೆಸರು ಮೋಲ್. ಡಜನ್ನಿಗೆ 12, ಮೋಲಿಗೆ 6022 ಬರೆದು ಮುಂದೆ ಇಪ್ಪತ್ತು ಸೊನ್ನೆ ಹಾಕಿದಷ್ಟು. ಹೈಡ್ರೋಜನ್ ಅಣುಗಳ ಒಂದು ಮೋಲ್ 2 ಗ್ರಾಂ ತೂಗುತ್ತದೆ, ಆಕ್ಸಿಜನ್ನಿನದು 32, ನೈಟ್ರೋಜನ್ನಿನದು 28. ಅಡಿಕೆಗೆ 8 ಗ್ರಾಂ ಎಂದೆವಲ್ಲ, ಅದೇ ಕೆಲಸ. ಗ್ರಾಮನ್ನು ಆ ಅಂಕಿಯಿಂದ ಭಾಗಿಸಿದರೆ ಎಣಿಕೆ ಬಂತು.

ಅವನ ಪ್ರಶ್ನೆಗೆ ಮರಳಿದೆವು. 10 ಗ್ರಾಂ ಹೈಡ್ರೋಜನ್ ಅಂದರೆ 5 ಮೋಲ್. 64 ಗ್ರಾಂ ಆಕ್ಸಿಜನ್ ಅಂದರೆ 2 ಮೋಲ್. ನೀರಾಗುವಾಗ ಎರಡು ಹೈಡ್ರೋಜನ್ ಅಣುಗಳಿಗೆ ಒಂದು ಆಕ್ಸಿಜನ್ ಅಣು ಬೇಕು. 2 ಮೋಲ್ ಆಕ್ಸಿಜನ್ 4 ಮೋಲ್ ಹೈಡ್ರೋಜನ್ನನ್ನು ತಿಂದು ಮುಗಿಯುತ್ತದೆ, 1 ಮೋಲ್ ಹೈಡ್ರೋಜನ್ ಉಳಿಯುತ್ತದೆ. ನೀರು 4 ಮೋಲ್. ಮೋಲಿಗೆ 18ರಂತೆ 72 ಗ್ರಾಂ. ಉಳಿದ ಹೈಡ್ರೋಜನ್ 2 ಗ್ರಾಂ. 72 ಮತ್ತು 2 ಸೇರಿ 74. ಒಳಗೆ ಹಾಕಿದಷ್ಟೇ ಹೊರಗೆ. ತೂಕದಲ್ಲಿ ಆರು ಪಟ್ಟು ಹೆಚ್ಚಿದ್ದ ಆಕ್ಸಿಜನ್ನೇ ಮೊದಲು ಖಾಲಿಯಾಗಿತ್ತು.

"ಹಂಗಾರ ಮೋಲ್ ಕಡಿಮಿ ಇದ್ದದ್ದು ಲಿಮಿಟಿಂಗ್," ಎಂದು ಅವನು ಅವಸರದ ಸೂತ್ರ ಮಾಡಿಕೊಂಡ. ಅದೂ ತಪ್ಪು ಎಂದು ತೋರಿಸಲು ಅಮೋನಿಯಾ ತೆಗೆದೆ. 70 ಗ್ರಾಂ ನೈಟ್ರೋಜನ್, 12 ಗ್ರಾಂ ಹೈಡ್ರೋಜನ್. ಎರಡೂವರೆ ಮೋಲ್, ಆರು ಮೋಲ್. ಕಡಿಮೆ ಇರುವುದು ನೈಟ್ರೋಜನ್. ಆದರೆ ಒಂದು ನೈಟ್ರೋಜನ್ನಿಗೆ ಮೂರು ಹೈಡ್ರೋಜನ್ ಬೇಕು. ಎರಡೂವರೆಗೆ ಏಳೂವರೆ ಬೇಕಾಗುತ್ತದೆ, ಇರುವುದು ಆರೇ. ಇಲ್ಲಿ ಹೈಡ್ರೋಜನ್ ಮೊದಲು ಮುಗಿಯುತ್ತದೆ. 4 ಮೋಲ್ ಅಮೋನಿಯಾ, 68 ಗ್ರಾಂ. ಉಳಿದ ನೈಟ್ರೋಜನ್ 14 ಗ್ರಾಂ. ಒಟ್ಟು 82, ಹಾಕಿದ್ದೂ 82. ಪ್ರತಿಯೊಂದರ ಮೋಲನ್ನು ಸಮೀಕರಣದಲ್ಲಿ ಅದರ ಮುಂದಿರುವ ಅಂಕಿಯಿಂದ ಭಾಗಿಸಿ, ಬಂದದ್ದರಲ್ಲಿ ಚಿಕ್ಕದು ಯಾವುದೆಂದು ನೋಡಿದರೆ ಸಾಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಮಿನ್ ಫಂಕ್ಷನ್, ಅಷ್ಟೇ.

ಕಾರ್ಖಾನೆಯಲ್ಲಿ ಇಷ್ಟು ಸಲೀಸಾಗಿ ನಡೆಯುವುದಿಲ್ಲ ಎಂದೂ ಹೇಳಿದೆ. ಹಾಬರ್ ಕಂಡುಹಿಡಿದು, ಬಾಷ್ ದೊಡ್ಡ ಪ್ರಮಾಣಕ್ಕೆ ಬೆಳೆಸಿ, 1913ರಲ್ಲಿ ಜರ್ಮನಿಯ ಓಪ್ಪೌನಲ್ಲಿ ಶುರುವಾದ ಈ ವಿಧಾನದಲ್ಲಿ ಒಂದು ಸುತ್ತಿಗೆ ಸುಮಾರು ಶೇಕಡಾ 15ರಷ್ಟು ಅನಿಲ ಮಾತ್ರ ಅಮೋನಿಯಾ ಆಗುತ್ತದೆ. ಉಳಿದದ್ದನ್ನು ಮತ್ತೆ ಮತ್ತೆ ಒಳಗೆ ಕಳಿಸುತ್ತಾರೆ. ಕಾಗದದ ಮೇಲಿನ ಲೆಕ್ಕ ಹೇಳುವುದು ಇದಕ್ಕಿಂತ ಹೆಚ್ಚು ಬರಲಾರದು ಎಂಬ ಗಡಿಯನ್ನು. ಮಂಗಳೂರಿನ ಪಣಂಬೂರಿನಲ್ಲಿ ಯೂರಿಯಾ ಮಾಡುವವರಿಗೂ ಅದೇ ಗಡಿ. ಅವನ ಅಪ್ಪ ಹೊಲಕ್ಕೆ ಹಾಕುವ ಗೊಬ್ಬರ ಈ ಸಮೀಕರಣದಿಂದ ಹೊರಟದ್ದು ಎಂದಾಗ ಹುಡುಗ ಮೊದಲ ಸಲ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡ.

ಆಮೇಲೆ ಒಂದು ವಾರ ದಿನಾ ರಾತ್ರಿ ಅರ್ಧ ಗಂಟೆ ಕೂತೆವು. ಶಬ್ದ ಇಂಗ್ಲಿಷಿನದು, ಮಾತು ನಮ್ಮದು. ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಮುಂದಿನ ಭಾನುವಾರ ಉರಿಯುವಿಕೆಯ ಲೆಕ್ಕ ಕೊಡೋಣ ಎಂದು ಅಡುಗೆಮನೆಗೆ ಕರೆದೆ. ಒಲೆ ಹಚ್ಚಿ ಕೇಳಿದೆ, ಇಲ್ಲಿ ಲಿಮಿಟಿಂಗ್ ಯಾವುದು? ಗ್ಯಾಸ್ ಎಂದ. ಸರಿ. ಗಾಳಿ ಪುಕ್ಕಟೆ, ಮನೆಯ ತುಂಬ ಇದೆ. ಗ್ಯಾಸಿಗೆ ದುಡ್ಡು ಕೊಡುತ್ತೇವೆ. ಗಾಳಿ ಹೆಚ್ಚೇ ಇರಲಿ, ಗ್ಯಾಸು ಪೂರ್ತಿ ಉರಿದು ಮುಗಿಯಲಿ ಎಂಬಂತೆ ಬರ್ನರ್ ಮಾಡಿರುತ್ತಾರೆ. ಆಗ ಉರಿ ನೀಲಿ. ಬರ್ನರಿನ ಗಾಳಿ ತೂತಿಗೆ ಕಸ ಕಟ್ಟಿದರೆ ಉರಿ ಹಳದಿಯಾಗುತ್ತದೆ, ಪಾತ್ರೆಯ ತಳ ಕಪ್ಪಾಗುತ್ತದೆ. ನಮ್ಮ ಅವ್ವ ಇದನ್ನು ನೋಡಿ 'ಒಲಿ ಉಸರಾಡವಲ್ದು' ಎನ್ನುತ್ತಿದ್ದಳು. ಅಡುಗೆ ಅನಿಲದಲ್ಲಿ ಹೆಚ್ಚಾಗಿ ಪ್ರೊಪೇನ್ ಮತ್ತು ಬ್ಯುಟೇನ್. ಬ್ಯುಟೇನಿನ ಒಂದು ಅಣು ಪೂರ್ತಿ ಉರಿಯಲು ಆಕ್ಸಿಜನ್ನಿನ ಆರೂವರೆ ಅಣು ಬೇಕು. ಬರುವುದು ಕಾರ್ಬನ್ ಡೈ ಆಕ್ಸೈಡ್, ನೀರು. ಆಕ್ಸಿಜನ್ ಕಡಿಮೆ ಬಿದ್ದು ನಾಲ್ಕೂವರೆಯೇ ಸಿಕ್ಕಿತು ಎನ್ನಿ, ಆಗಲೂ ಉರಿಯುತ್ತದೆ, ಆದರೆ ಬರುವುದು ಕಾರ್ಬನ್ ಮೊನಾಕ್ಸೈಡ್. ನಿಜವಾದ ಉರಿಯಲ್ಲಿ ಎರಡೂ ಬೆರೆತು ಬರುತ್ತವೆ, ಗಾಳಿ ಕಡಿಮೆಯಾದಷ್ಟೂ ಎರಡನೆಯದು ಹೆಚ್ಚು.

ಹುಡುಗ ಸುಮ್ಮನಾದ. ಆಮೇಲೆ ಕೇಳಿದ: "ಮಾಮಾ, ಬಾತ್‌ರೂಮಿನ್ಯಾಗ ಗೀಸರ್ ಐತಲ್ಲ. ಅಲ್ಲಿ ಯಾವುದು ಮೊದಲ ಮುಗೀತದ?"

ನಮ್ಮ ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇತ್ತು. ಮನೆ ಬಾಡಿಗೆಗೆ ಹಿಡಿದಾಗಲೇ ಇದ್ದದ್ದು. ಮೇಲೆ ಒಂದು ಸಣ್ಣ ಕಿಟಕಿ ಇತ್ತು, ಗಾಜಿನ ಪಟ್ಟಿಗಳದು. ಹಿಂದಿನ ಡಿಸೆಂಬರಿನಲ್ಲಿ ಚಳಿ, ಸೊಳ್ಳೆ ಎಂದು ನಾನೇ ಪ್ಲೈವುಡ್ ಕತ್ತರಿಸಿ ಅದನ್ನು ಮುಚ್ಚಿದ್ದೆ. ಚೆನ್ನಾಗಿ ಮುಚ್ಚಿದ್ದೆ, ಸಂದಿಗೆ ಟೇಪೂ ಹಚ್ಚಿದ್ದೆ.

ಜನವರಿಯಲ್ಲಿ ಒಂದು ಬೆಳಿಗ್ಗೆ ನನ್ನ ಹೆಂಡತಿ ತಲೆಸ್ನಾನ ಮಾಡಿ ಹೊರಬಂದವಳು ಬಾಗಿಲ ಹೊರಗೆ ಕುಸಿದು ಕೂತಿದ್ದಳು. ತಲೆ ಸಿಡಿಯುತ್ತಿದೆ, ವಾಕರಿಕೆ ಎಂದಳು. ಅರ್ಧ ಗಂಟೆ ಬಾಲ್ಕನಿಯಲ್ಲಿ ಕೂತ ಮೇಲೆ ಸರಿಹೋಯಿತು. ವೈದ್ಯರು ರಕ್ತದೊತ್ತಡ ನೋಡಿ, ನಿದ್ದೆ ಕಡಿಮೆಯಾಗಿದೆ, ಬೆಳಿಗ್ಗೆ ಏನಾದರೂ ತಿಂದು ಸ್ನಾನಕ್ಕೆ ಹೋಗಿ ಎಂದರು. ನೀರು ಹೇಗೆ ಕಾಯಿಸುತ್ತೀರಿ ಎಂದು ಅವರು ಕೇಳಲಿಲ್ಲ, ನಮಗೂ ಹೇಳಬೇಕೆನಿಸಲಿಲ್ಲ. ಆಮೇಲೂ ಎರಡು ಸಲ ತಲೆನೋವು ಎಂದಿದ್ದಳು. ಬೇಸಿಗೆ ಬಂತು, ತಣ್ಣೀರು ಸ್ನಾನ, ಮರೆತೆವು.

ಲೆಕ್ಕ ಮಾಡಿದವನು ಹುಡುಗ. ನಾನು ಪಕ್ಕದಲ್ಲಿ ಕೂತು ಅಂಕಿ ಕೊಟ್ಟೆ. ಗೀಸರ್ ನಿಮಿಷಕ್ಕೆ 6 ಲೀಟರಿನದು. ಚಳಿಗಾಲದ ನೀರನ್ನು 25 ಡಿಗ್ರಿ ಮೇಲಕ್ಕೆ ತರಬೇಕೆಂದರೆ ನಿಮಿಷಕ್ಕೆ ಸುಮಾರು 630 ಕಿಲೋಜೂಲ್ ಶಾಖ ಬೇಕು. ಒಂದು ಗ್ರಾಂ ಗ್ಯಾಸು ಸುಮಾರು 46 ಕಿಲೋಜೂಲ್ ಕೊಡುತ್ತದೆ. ಒಂದಿಷ್ಟು ಶಾಖ ಮೇಲೆ ಹಾರಿಹೋಗುವುದನ್ನೂ ಹಿಡಿದರೆ ನಿಮಿಷಕ್ಕೆ 16 ಗ್ರಾಂ ಗ್ಯಾಸು. ಪೂರ್ತಿ ಬ್ಯುಟೇನ್ ಎಂದೇ ಹಿಡಿದ. ಬ್ಯುಟೇನಿನ ಮೋಲ್ 58 ಗ್ರಾಂ, ಅಂದರೆ ನಿಮಿಷಕ್ಕೆ 0.28 ಮೋಲ್. ಅದಕ್ಕೆ ಆರೂವರೆ ಪಟ್ಟು ಆಕ್ಸಿಜನ್, ಸುಮಾರು 1.8 ಮೋಲ್.

ಟೇಪು ಹಿಡಿದು ಬಾತ್‌ರೂಮ್ ಅಳೆದ. 5 ಅಡಿ, 7 ಅಡಿ, ಎತ್ತರ 8 ಅಡಿ. 280 ಘನ ಅಡಿ, ಹತ್ತಿರ ಹತ್ತಿರ 8000 ಲೀಟರ್ ಗಾಳಿ. ಅದರಲ್ಲಿ ಶೇಕಡಾ 21 ಆಕ್ಸಿಜನ್. ಈ ಉಷ್ಣತೆಯಲ್ಲಿ ಒಂದು ಮೋಲ್ ಅನಿಲ ಸುಮಾರು ಇಪ್ಪತ್ತನಾಲ್ಕೂವರೆ ಲೀಟರ್ ಜಾಗ ಹಿಡಿಯುತ್ತದೆ, ಹಾಗಾಗಿ 68 ಮೋಲ್ ಆಕ್ಸಿಜನ್.

"68 ಭಾಗಿಸು 1.8... 38 ನಿಮಿಷ. ಅಷ್ಟೊತ್ತು ಯಾರೂ ಜಳಕ ಮಾಡಂಗಿಲ್ಲಲ್ಲ ಮಾಮಾ," ಎಂದ. ದನಿಯಲ್ಲಿ ಸಮಾಧಾನ.

ನನಗೆ ಸಮಾಧಾನವಾಗಲಿಲ್ಲ. ಪರೀಕ್ಷೆಯ ಲೆಕ್ಕದಲ್ಲಿ ಲಿಮಿಟಿಂಗ್ ರಿಯೇಜೆಂಟ್ ಕೊನೆಯ ಅಣುವಿನವರೆಗೆ ಮುಗಿಯುತ್ತದೆ. ಉರಿ ಅಷ್ಟು ಕಾಯುವುದಿಲ್ಲ. ಗಾಳಿಯಲ್ಲಿ ಆಕ್ಸಿಜನ್ ಶೇಕಡಾ 21ರಿಂದ 18ರ ಹತ್ತಿರ ಇಳಿದರೆ ಉರಿ ಕೆಡುತ್ತದೆ. ಕೆಲವು ಗ್ಯಾಸ್ ಉಪಕರಣಗಳಲ್ಲಿ ಆ ಮಟ್ಟಕ್ಕೇ ಗ್ಯಾಸ್ ಕಡಿದುಹಾಕುವ ಸುರಕ್ಷತಾ ವ್ಯವಸ್ಥೆ ಇಟ್ಟಿರುತ್ತಾರೆ. 21ರಲ್ಲಿ 3, ಏಳರಲ್ಲಿ ಒಂದು ಪಾಲು. 68ರ ಏಳನೇ ಒಂದು ಪಾಲು ಹತ್ತಿರ ಹತ್ತಿರ 10 ಮೋಲ್. 1.8ರಿಂದ ಭಾಗಿಸಿದರೆ ಐದೂವರೆ ನಿಮಿಷ.

ಹುಡುಗ ಪೆನ್ಸಿಲ್ ಕೆಳಗಿಟ್ಟ. ಹೆಂಡತಿ ಅಷ್ಟರಲ್ಲಿ ಬಂದು ನಮ್ಮ ಹಿಂದೆ ನಿಂತಿದ್ದಳು. "ನನಗ ತಲಿಸ್ನಾನಕ್ಕ ಇಪ್ಪತ್ತು ನಿಮಿಷ ಬೇಕು," ಎಂದಳು.

ನಮ್ಮ ಲೆಕ್ಕ ಒರಟು ಎಂದು ಗೊತ್ತು. ಯಾವ ಬಾತ್‌ರೂಮೂ ಡಬ್ಬಿಯ ಹಾಗೆ ಮುಚ್ಚಿರುವುದಿಲ್ಲ. ಬಾಗಿಲ ಕೆಳಗೆ ಒಂದು ಬೆರಳಿನಷ್ಟು ಸಂದು ಇತ್ತು, ನಮ್ಮನ್ನು ಕಾಪಾಡಿದ್ದು ಬಹುಶಃ ಅದೇ. ಜನವರಿಯ ಆ ತಲೆನೋವು ಇದರಿಂದಲೇ ಎಂದು ಸಾಧಿಸಲು ನನ್ನ ಹತ್ತಿರ ಯಾವ ರಕ್ತಪರೀಕ್ಷೆಯೂ ಇಲ್ಲ. ಆದರೆ ತಲೆನೋವು, ವಾಕರಿಕೆ, ಕಾಲಲ್ಲಿ ಬಲ ಹೋಗುವುದು, ಹೊರಗಿನ ಗಾಳಿಗೆ ಬಂದರೆ ಸುಧಾರಿಸುವುದು, ಇವೆಲ್ಲ ಕಾರ್ಬನ್ ಮೊನಾಕ್ಸೈಡಿನ ಗುರುತುಗಳೇ. ಈ ಅನಿಲ ರಕ್ತದ ಹಿಮೊಗ್ಲೋಬಿನ್ನಿಗೆ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ, ಹಾಗಾಗಿ ಸ್ವಲ್ಪವೇ ಸಾಕು. ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ನಮಗೆ ಬರುವ ಕೆಟ್ಟ ವಾಸನೆ ಗ್ಯಾಸಿನದ್ದಲ್ಲ, ಸೋರಿಕೆ ಗೊತ್ತಾಗಲೆಂದು ಬೆರೆಸಿದ ಮರ್‌ಕ್ಯಾಪ್ಟನ್‌ನದು. ಅದು ಉರಿಯಲ್ಲಿ ಸುಟ್ಟುಹೋಗಿರುತ್ತದೆ. ಗ್ಯಾಸ್ ವಾಸನೆ ಬರಲಿಲ್ಲ, ಏನೂ ಆಗಿಲ್ಲ ಎಂದು ನಾನು ಜನವರಿಯಲ್ಲಿ ಹೇಳಿದ್ದು ನೆನಪಿದೆ. ಗೀಸರ್ ಇರುವ ಬಾತ್‌ರೂಮಿನಲ್ಲಿ ಸತ್ತವರ ಸುದ್ದಿ ಪ್ರತಿ ಚಳಿಗಾಲ ಓದುತ್ತೇವೆ. ಓದಿ, ಪಾಪ ಎಂದು ಪುಟ ತಿರುವಿದವರಲ್ಲಿ ನಾನೂ ಒಬ್ಬ. ಕಿಟಕಿಗೆ ಪ್ಲೈವುಡ್ ಹೊಡೆಯುವಾಗ ಆ ಸುದ್ದಿ ಯಾವುದೂ ನೆನಪಾಗಲಿಲ್ಲ. ನಮ್ಮ ಕಡೆ ಚಳಿಗೆ ಕೋಣೆ ಮುಚ್ಚಿ ಇದ್ದಿಲ ಶೇಗಡಿ ಇಟ್ಟು ಮಲಗಬಾರದು ಎಂದು ಹಿರಿಯರು ಗದರುತ್ತಿದ್ದರು. ಅದೇ ಲೆಕ್ಕ, ಬೇರೆ ಒಲೆ.

ಅಂದು ಮಳೆಯಲ್ಲೇ ಸ್ಟೂಲ್ ಹಾಕಿ ಪ್ಲೈವುಡ್ ಕಿತ್ತೆ. ಮನೆಯ ಮಾಲೀಕರಿಗೆ ಫೋನ್ ಮಾಡಿದರೆ, ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎಂದರು. ಅವರ ಮೇಲೆ ಸಿಟ್ಟು ಮಾಡುವ ಮುಖ ನನಗಿರಲಿಲ್ಲ, ಕಿಟಕಿ ಮುಚ್ಚಿದವನು ನಾನು. ಖರ್ಚು ನನ್ನದೇ ಎಂದ ಮೇಲೆ ಒಪ್ಪಿದರು. ಪುಣೆಯ ಮನೆಗಳಲ್ಲಿ ಅಡುಗೆಮನೆಯ ಹಿಂದೆ ಡ್ರೈ ಬಾಲ್ಕನಿ ಎಂದು ಒಂದು ಇರುತ್ತದಲ್ಲ, ಪಾತ್ರೆ, ಬಟ್ಟೆ ತೊಳೆಯುವ ಜಾಗ, ಒಂದು ಕಡೆ ಪೂರ್ತಿ ತೆರೆದದ್ದು. ಗೀಸರನ್ನು ಅಲ್ಲಿಗೆ ಒಯ್ದು, ಬಿಸಿನೀರಿನ ಪೈಪನ್ನಷ್ಟೇ ಬಾತ್‌ರೂಮಿಗೆ ಎಳೆಸಿದೆ. ಪ್ಲಂಬರ್ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕೂ ದಿನ ಬಾಗಿಲು ತೆರೆದಿಟ್ಟು ಬಕೆಟ್ಟಿಗೆ ನೀರು ಹಿಡಿದು, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಒಳಗೆ ಹೋಗುವ ನಿಯಮ. ನಿಯಮ ಮಾಡಿದವನು ಹುಡುಗ. ನಾನು ಒಮ್ಮೆ ಅವಸರದಲ್ಲಿ ಬಾಗಿಲು ಹಾಕಿದಾಗ ಹೊರಗಿನಿಂದ ಬಡಿದು ಎಬ್ಬಿಸಿದವನೂ ಅವನೇ.

ನಮ್ಮ ಕಟ್ಟಡದಲ್ಲಿ ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇದ್ದ ಇನ್ನೂ ಎರಡು ಮನೆಗಳಿದ್ದವು. ಒಂದು ಬಿಜಾಪುರದವರದು. ಹುಡುಗನನ್ನು ಕರೆದುಕೊಂಡು ಹೋಗಿ ಲೆಕ್ಕದ ಹಾಳೆ ತೋರಿಸಿದೆ. ಅವರ ಮನೆಯ ಅಜ್ಜಿ ಅಂಕಿಗಳನ್ನು ನೋಡಲಿಲ್ಲ, "ಉರಿ ಹಳದಿ ಆಗಾಕತ್ತು ತಿಂಗಳಾತು," ಎಂದರು. ಅವರ ಗೀಸರ್ ನಮ್ಮದಕ್ಕಿಂತ ಮೊದಲೇ ಹೊರಗೆ ಹೋಯಿತು.

ಸೆಪ್ಟೆಂಬರಿನ ಪರೀಕ್ಷೆಯಲ್ಲಿ ಅವನಿಗೆ 20ಕ್ಕೆ 13 ಬಂತು. ಹೋದ ಅಂಕಗಳಲ್ಲಿ ಎರಡು, ಉತ್ತರದ ಮುಂದೆ ಗ್ರಾಂ ಎಂದು ಬರೆಯದೇ ಬಿಟ್ಟದ್ದಕ್ಕೆ. ಆರ್ಟ್ಸ್ ಮಾತು ಮತ್ತೆ ಬರಲಿಲ್ಲ, ನಾನೂ ಕೇಳಲಿಲ್ಲ. ದೀಪಾವಳಿಗೆ ಊರಿಗೆ ಹೊರಟಾಗ ಚೀಲದಲ್ಲಿ ಟೇಪು ಹಾಕಿಕೊಂಡಿದ್ದ. ಎದಕ್ಕೋ ಎಂದೆ. ಅವರ ಓಣಿಯಲ್ಲಿ ಇಬ್ಬರು ಹೊಸದಾಗಿ ಗ್ಯಾಸ್ ಗೀಸರ್ ಹಾಕಿಸಿದ್ದಾರಂತೆ.